ಕೊರೋನಾ ವರ್ಷ ಅಮೆರಿಕದ ಹಳ್ಳಿ ಕಡೆ ರೈತರಿಗೆ ಸರ್ಕಾರ ಲಕ್ಷಗಟ್ಟಲೆ ಡಾಲರ್ ಕೊಟ್ಟಿತಂತೆ, ನಿಜವಾ? ಎಲ್ಲರಿಗೂ ಸಿಕ್ಕಿತಾ?

ಕೊಟ್ಟಿದ್ದು ನಿಜ. ಎಲ್ಲರಿಗೂ ಸಿಗಲಿಲ್ಲ.

ನಾನು ಅಯೋವಾ ರಾಜ್ಯದ ವಾಯವ್ಯ ಮೂಲೆಯ ಸೂ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ರೈತರ ತೆರಿಗೆ ಲೆಕ್ಕ ಬರೆಯುತ್ತೇನೆ. ಇಲ್ಲಿ ಜನ ಸುಮಾರು 36 ಸಾವಿರ, ಹಂದಿಗಳು ಲಕ್ಷಗಟ್ಟಲೆ. 2020ರ ಏಪ್ರಿಲ್‌ನಲ್ಲಿ ಪಕ್ಕದ ರಾಜ್ಯದ ಸೂ ಫಾಲ್ಸ್‌ನಲ್ಲಿ ಹಂದಿಮಾಂಸದ ದೊಡ್ಡ ಕಾರ್ಖಾನೆಯ ಕೆಲಸಗಾರರಿಗೆ ಕೊರೋನಾ ಹಬ್ಬಿ, ಅದು ಮುಚ್ಚಿತು. ಬೆಲೆ ಬರಲಿ ಅಂತ ಮೂಟೆ ಕಟ್ಟಿ ಇಡೋಕೆ ಹಂದಿ ಏನು ಅಡಿಕೆಯಾ? ದಿನಾ ತಿನ್ನುತ್ತದೆ, ದಿನಾ ಬೆಳೆಯುತ್ತದೆ. ಹಿಂದೆ ಮರಿಗಳು ಜಾಗಕ್ಕೆ ಕಾಯುತ್ತಿರುತ್ತವೆ. ಕೊಂದು ಹೂತವರೂ ಇದ್ದರು.

ಆಗ ಬಂದದ್ದು ಕೊರೋನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ. ಇಲ್ಲಿಯವರ ಬಾಯಲ್ಲಿ 'ಸಿ-ಫ್ಯಾಪ್'. ನೇರ ಪಾವತಿಗೆ ಮೊದಲ ಸುತ್ತಿನಲ್ಲಿ 16 ಶತಕೋಟಿ ಡಾಲರ್ ಇಟ್ಟಿದ್ದರು. ಮೇ 26ಕ್ಕೆ ಅರ್ಜಿ ಶುರು. ಕೌಂಟಿ ಕೃಷಿ ಕಚೇರಿಯ ಬಾಗಿಲು ಮುಚ್ಚಿತ್ತು, ಎಲ್ಲ ಫೋನಿನಲ್ಲೇ. ನಿಮ್ಮ ಹತ್ತಿರ ಎಷ್ಟು ಹಂದಿ ಇದೆ ಅಂತ ನೀವೇ ಬರೆದು ಸಹಿ ಹಾಕಬೇಕು, ಅಷ್ಟೇ. ದಾಖಲೆ ಆಮೇಲೆ ಕೇಳಿದರೆ ತೋರಿಸಬೇಕು. ಕೈಯಲ್ಲಿದ್ದ ಹಂದಿಗೆ ತಲೆಗೆ 17 ಡಾಲರ್, ಆ ವರ್ಷ ಮಾರಿದ್ದಕ್ಕೆ ಬೇರೆ ದರ. ಸೆಪ್ಟೆಂಬರ್‌ನ ಎರಡನೇ ಸುತ್ತಿನಲ್ಲಿ ತಲೆಗೆ 23. ಅಂದರೆ 2,000 ಹಂದಿ ಇದ್ದವನಿಗೆ ಆ ಒಂದೇ ಸುತ್ತಿನಲ್ಲಿ 46,000. ಮೆಕ್ಕೆಜೋಳ, ಸೋಯಾಬೀನ್ ಇದ್ದರೆ ಅದರ ಮೇಲೆ ಇನ್ನಷ್ಟು. ಸುತ್ತಿಗೆ ಒಬ್ಬರಿಗೆ ಮಿತಿ 2,50,000 ಡಾಲರ್. ಅದೇ ಮೇನಲ್ಲಿ ಕರ್ನಾಟಕ ಸರ್ಕಾರ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಅಂದಿತ್ತು, ಅದೂ ಒಂದೇ ಹೆಕ್ಟೇರಿನ ತನಕ. ಅಲ್ಲಿ ಕೊಟ್ಟದ್ದು ಕಡಿಮೆ, ಆದರೆ ದೊಡ್ಡವರಿಗೆ ಜಾಸ್ತಿ ಹೋಗದ ಹಾಗೆ ಬೇಲಿ ಗಟ್ಟಿ ಇತ್ತು. ಇಲ್ಲಿ ಮಂದೆ ದೊಡ್ಡದಾದಷ್ಟೂ ಚೆಕ್ ದೊಡ್ಡದು.

ಆದರೆ ನನಗೆ ಹೆಚ್ಚು ಚುಚ್ಚಿದ್ದು ಅದಲ್ಲ. ನಮ್ಮ ಕಡೆ ಕಂಪನಿ ಕೋಳಿ ಸಾಕುತ್ತಾರಲ್ಲ, ಇಲ್ಲಿ ಹಂದಿಯೂ ಹಾಗೇ. ಮರಿ ಕಂಪನಿಯದು, ಮೇವು ಕಂಪನಿಯದು. ಜಾಗ, ಶೆಡ್ಡು, ಕರೆಂಟು, ಬ್ಯಾಂಕಿನ ಸಾಲ ರೈತನದು. ನನ್ನ ಲೆಕ್ಕದ ಗಿರಾಕಿಯೊಬ್ಬನ ಎರಡು ಶೆಡ್ಡು ವಾರಗಟ್ಟಲೆ ಖಾಲಿ ಬಿದ್ದಿದ್ದವು. ಅವನಿಗೆ ಮರಿಗಳ ತಂಡಕ್ಕೆ ಇಷ್ಟು ಅನ್ನೋ ಲೆಕ್ಕದಲ್ಲಿ ಕೂಲಿ. ಮರಿ ಬರದಿದ್ದರೆ ಕಾಸಿಲ್ಲ. ಸಿ-ಫ್ಯಾಪ್ ಕೇಳಿದ್ದು ಒಂದೇ: ಹಂದಿ ಯಾರದು? ಅವನದಲ್ಲ. ಎರಡೂ ಸುತ್ತಿನಲ್ಲಿ ಸೊನ್ನೆ. ಗೇಣಿಗೆ ಉಳುವವನಿಗೆ ಪಹಣಿ ಕೇಳಿದ ಹಾಗಾಯ್ತು, ಅಲ್ವಾ?

ಡಿಸೆಂಬರ್‌ನಲ್ಲಿ ಸಂಸತ್ತು ಇಂಥವರಿಗೂ ಕೊಡಿ ಅಂತ ಕಾನೂನು ಮಾಡಿತು. ಜನವರಿಯಲ್ಲಿ ಸರ್ಕಾರ ಬದಲಾಯಿತು, ಕಡತ ನಿಂತಿತು. ಕೊನೆಗೆ 2021ರ ಆಗಸ್ಟ್‌ನಲ್ಲಿ ನಿಯಮ ಬಂತು: ಆದಾಯ ಎಷ್ಟು ಕುಸಿದಿದೆಯೋ ಅದರ ಶೇ. 80ರಷ್ಟು ಲೆಕ್ಕ. ಅಕ್ಟೋಬರ್ 12 ಕೊನೆ ದಿನ. ಆ ಗಿರಾಕಿ ಹಳೆಯ ಚೀಟಿಗಳನ್ನೆಲ್ಲ ಒಂದು ಬೂಟಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದ. ಇಬ್ಬರೂ ಕೂತು ಎರಡು ಸಂಜೆ ಲೆಕ್ಕ ಹಾಕಿದೆವು.

ದುಡ್ಡು ಬಂದ ಮೇಲೆ ಫೋನ್ ಮಾಡಿ, "ಇದಕ್ಕೂ ತೆರಿಗೆ ಕಟ್ಟಬೇಕಾ?" ಅಂತ ಕೇಳಿದ. ಕಟ್ಟಬೇಕು, ಇದೂ ಕೃಷಿ ಆದಾಯದ ಲೆಕ್ಕವೇ ಅಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.