ಆಷಾಢದ ಗಾಳಿಯಲ್ಲಿ ಒಬ್ಬರೇ ಹಾರಬಹುದೇ?

ಪ್ರಶ್ನೆ: ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಸೆಸ್ನಾ 172 ಎಂಬ ಪುಟ್ಟ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಒಬ್ಬನೇ ಹಾರಲು ಬೋಧಕರ ಒಪ್ಪಿಗೆ ಸಿಕ್ಕಿದೆ. ರನ್‌ವೇ 27, ಗಾಳಿ 230 ಡಿಗ್ರಿಯಿಂದ 14 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಆಗಾಗ 22ರವರೆಗೆ ಬೀಸು. ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್ ಎಂದಿದೆ. ಇಂಥ ದಿನ ಹೊರಡಬಹುದೇ?
– ಓದುಗರು, ಮೈಸೂರು

ಉತ್ತರ: ಒಬ್ಬರೇ ಆದರೆ ಬೇಡ. ರನ್‌ವೇ 27 ಎಂದರೆ ದಿಕ್ಕು 270 ಡಿಗ್ರಿ, ಗಾಳಿ 230ರಿಂದ. ನಡುವೆ 40 ಡಿಗ್ರಿ ಕೋನ, ಅದರ ಸೈನ್ 0.64, ಅಂದರೆ ಗಾಳಿಯ ವೇಗದಲ್ಲಿ ರನ್‌ವೇಗೆ ಅಡ್ಡಲಾಗಿ ಬೀಳುವ ಪಾಲು. ಹಾಗಾಗಿ 14 ನಾಟ್ ಗಾಳಿಯಲ್ಲಿ ಅಡ್ಡಗಾಳಿ 9, ಬೀಸು ಬಂದಾಗ 14. ಕಲಿಯುವವರು 9 ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ನೋಡಬೇಕಾದ್ದು 14. ಚಕ್ರ ನೆಲ ಮುಟ್ಟುವ ಆ ಎರಡು ಸೆಕೆಂಡಿಗೇ ಬೀಸು ಬಂದರೆ? ಗಾಳಿಯ ಒತ್ತಡ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. 14 ನಾಟ್ 22 ಆದರೆ ಒತ್ತಡ ಸುಮಾರು ಎರಡೂವರೆ ಪಟ್ಟು. ಅದೇ ಗಾಳಿ 20 ಡಿಗ್ರಿ ದಕ್ಷಿಣಕ್ಕೆ ವಾಲಿ 210ರಿಂದ ಬಂದರಂತೂ ಅಡ್ಡಗಾಳಿ 19 ನಾಟ್ ದಾಟುತ್ತದೆ.

ಕೈಪಿಡಿಯ 15 ನಾಟ್, ನುರಿತ ಪರೀಕ್ಷಾ ಪೈಲಟ್ ಇಳಿಸಿ ತೋರಿಸಿದ ಗಾಳಿ. ಅದು ನಿಮ್ಮ ಮಿತಿಯಲ್ಲ. ಬೋಧಕರು ಬರೆದುಕೊಟ್ಟ ಅಂಕಿಯೇ ನಿಮ್ಮ ಮಿತಿ. ಬರೆದುಕೊಟ್ಟಿಲ್ಲವಾದರೆ ಇವತ್ತೇ ಕೇಳಿ ಬರೆಸಿಕೊಳ್ಳಿ. ಬೀಸನ್ನೂ ಸೇರಿಸಿ 5ರಿಂದ 7 ನಾಟ್, ಆರಂಭಕ್ಕೆ ಅಷ್ಟು ಸಾಕು.

'ಇಲ್ಲಿ ಆಗದಿದ್ದರೆ ಬೆಂಗಳೂರಿಗೆ ಹೋಗಿ ಇಳಿದರಾಯಿತು' ಎಂಬ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ಮಂಡಕಳ್ಳಿಯಲ್ಲಿರುವುದು ಒಂದೇ ರನ್‌ವೇ, ಪೂರ್ವ–ಪಶ್ಚಿಮ. ಬೆಂಗಳೂರಿನ ಜಕ್ಕೂರು, ಎಚ್‌ಎಎಲ್, ದೇವನಹಳ್ಳಿ ನಿಲ್ದಾಣಗಳ ರನ್‌ವೇಗಳೂ ಹೆಚ್ಚು ಕಡಿಮೆ ಅದೇ ದಿಕ್ಕಿನವು. ನೈರುತ್ಯದ ಗಾಳಿ ಇಡೀ ಬಯಲಿಗೆ ಬೀಸುವಾಗ ಅಲ್ಲೂ ಅಡ್ಡಗಾಳಿಯೇ ಎದುರಾಗುತ್ತದೆ. ಆದ್ದರಿಂದ ತೀರ್ಮಾನ ನೆಲದ ಮೇಲೇ ಆಗಬೇಕು.

ಹಾಗೆಂದು ದಿನ ಹಾಳು ಮಾಡಬೇಡಿ. ಬೋಧಕರನ್ನು ಜೊತೆಗೆ ಕೂರಿಸಿಕೊಂಡು ಹೋಗಿ, ಇಂಥ ಗಾಳಿ ಕಲಿಕೆಗೆ ಚಿನ್ನ. ಬೀಸಿನ ಹೆಚ್ಚಳ 8 ನಾಟ್. ಅದರ ಅರ್ಧ, 4 ನಾಟ್, ಇಳಿಯುವ ವೇಗಕ್ಕೆ ಸೇರಿಸಿ. 65 ಇದ್ದದ್ದು 69. ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ) ಪೂರ್ತಿ ಬೇಡ, 10 ಡಿಗ್ರಿ ಸಾಕು. ವಿಮಾನ ನೆಲದ ಮೇಲೆ ತುಸು ಹೆಚ್ಚು ತೇಲಿದರೂ 1,740 ಮೀಟರ್ ರನ್‌ವೇ ಧಾರಾಳ. ಒಬ್ಬರೇ ಹಾರುವುದನ್ನು ಗಾಳಿ ಏಳುವ ಮುನ್ನಿನ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಬಿಸಿಲೇರಿ ನೆಲ ಕಾದ ಮೇಲೆ ಮೇಲಿನ ಜೋರುಗಾಳಿ ಕೆಳಗಿಳಿಯುತ್ತದೆ.

ಪ್ರಶ್ನೆ: ನೆಲ ಮುಟ್ಟಿದ ಮೇಲೂ ವಿಮಾನ ಗಾಳಿಯ ಕಡೆಗೇ ತಿರುಗುತ್ತದೆ. ಯಾಕೆ?
– ಓದುಗರು, ಮಂಡ್ಯ

ಉತ್ತರ: ಬಾಲದ ನೆಟ್ಟ ರೆಕ್ಕೆ ಮುಖ್ಯ ಚಕ್ರಗಳಿಗಿಂತ ಎಷ್ಟೋ ಹಿಂದಿದೆ. ಗಾಳಿ ಅದನ್ನು ಪಕ್ಕಕ್ಕೆ ತಳ್ಳಿದಾಗ ಮೂಗು ಗಾಳಿಯತ್ತ ಹೊರಳುತ್ತದೆ. ರಡ್ಡರ್ (ಬಾಲದ ಚುಕ್ಕಾಣಿ) ಪೆಡಲನ್ನು ಕಾಲಿನಿಂದ ಒತ್ತಿ ನೇರ ಇಡಿ. ಹೆಚ್ಚಿನವರು ಎಡವುವುದು ಕೈಯಲ್ಲಿ: ಇಳಿದಾಯಿತೆಂದು ವಿಮಾನ ವಾಲಿಸುವ ಹಿಡಿಯನ್ನು ಸಡಿಲಿಸುತ್ತಾರೆ, ಗಾಳಿಯ ಕಡೆಯ ರೆಕ್ಕೆ ಮೇಲೇಳುತ್ತದೆ. ವೇಗ ಇಳಿದಷ್ಟೂ ಐಲೆರಾನ್‌ಗಳ (ರೆಕ್ಕೆಯ ತುದಿಯ ಬಳಿ ಮೇಲೆ ಕೆಳಗೆ ಆಡುವ ಹಲಗೆಗಳ) ಹಿಡಿತ ಕಡಿಮೆ, ಆದ್ದರಿಂದ ಹಿಡಿಯನ್ನು ಗಾಳಿಯ ಕಡೆಗೆ ಇನ್ನಷ್ಟು ತಿರುಗಿಸುತ್ತಾ ಹೋಗಿ, ಕೊನೆಗೆ ಪೂರ್ತಿ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ನಿಧಾನಕ್ಕೆ ಓಡಿಸುವಾಗ, ಗಾಳಿ ಓರೆಯಾಗಿ ಹಿಂದಿನಿಂದ ಬಂದರೆ ತಿರುವುಮುರುವು: ಹಿಡಿ ಗಾಳಿಯಿಂದ ಆಚೆಗೆ, ಜೊತೆಗೆ ಮುಂದಕ್ಕೆ ಒತ್ತಿರಬೇಕು.