ರಂಗಪ್ರಶ್ನೆ: ಮೊದಲ ಸಾಲಿನಲ್ಲಿ ಕುಲಸಚಿವರು

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ನಮ್ಮ ದೊಡ್ಡಪ್ಪನ ಮಗ, ಅಲ್ಲಿನ ಕಾನೂನು ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರನ್ನೂ ತಮ್ಮನ್ನೂ ಗೇಲಿ ಮಾಡುವ ಸಂಗೀತ ನಾಟಕವೊಂದನ್ನು ಪ್ರತಿವರ್ಷ ತಾವೇ ಬರೆದು, ಹಾಡಿ, ಕುಣಿದು ಆಡುತ್ತಾರೆ ಎಂದು ಹೇಳಿದ. ನಮಗೂ ಅಂಥದ್ದೊಂದು ಮಾಡಬೇಕೆನಿಸಿದೆ. ಇಪ್ಪತ್ತು ಜನರಿದ್ದೇವೆ, ಉತ್ಸಾಹವಿದೆ, ಹಣವಿಲ್ಲ. ಎಲ್ಲಿಂದ ಶುರುಮಾಡಬೇಕು?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮ ಅಣ್ಣ ಹೇಳಿದ್ದು ಅಲ್ಲಿನ ‘ಲೈಬಲ್ ಶೋ’ ಬಗ್ಗೆ ಇರಬೇಕು. 1908ರಲ್ಲಿ ಆರಂಭವಾದ ಆ ಪ್ರದರ್ಶನದ ಹೆಸರಿನ ಅರ್ಥವೇ ಮಾನಹಾನಿ. ಕಾನೂನು ಓದುವವರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ. ಗೇಲಿಗೊಳಗಾದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ತಿರುಗೇಟು ಕೊಡುವ ರೂಢಿಯೂ ಅಲ್ಲಿದೆ. ಪರಂಪರೆ ಮಾತ್ರ ಇನ್ನೂ ಹಳೆಯದು. ಹಾರ್ವರ್ಡಿನ ಹೇಸ್ಟಿ ಪುಡಿಂಗ್ ಕೂಟದವರು 1844ರಲ್ಲಿ ನಾಟಕವಾಡಲು ತೊಡಗಿದರು. ಕೇಂಬ್ರಿಜ್‌ನ ಫುಟ್‌ಲೈಟ್ಸ್ ಸಂಘ 1883ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾಸ್ಕ್ ಅಂಡ್ ವಿಗ್ ಸಂಘ 1889ರಲ್ಲಿ ಹುಟ್ಟಿದವು. ಹಾರ್ವರ್ಡಿನ ಆ ರಂಗದ ಮೇಲೆ ಗಂಡುಹುಡುಗರೇ ಸ್ತ್ರೀವೇಷ ಹಾಕುತ್ತಿದ್ದು, ಹೆಣ್ಣುಮಕ್ಕಳಿಗೆ ಪಾತ್ರ ಸಿಕ್ಕಿದ್ದು 2019ರಲ್ಲಿ ಎಂದು ಓದಿದಾಗ, ನಮ್ಮ ಕಂಪನಿ ನಾಟಕದವರು ಈ ವಿಷಯದಲ್ಲಿ ಅವರಿಗಿಂತ ಬಹಳ ಮುಂದಿದ್ದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಕನ್ನಡಕ್ಕೂ ಇದು ಹೊಸದೇನಲ್ಲ. ಭೂವಿಜ್ಞಾನ ಓದಲು ಲಂಡನ್ನಿಗೆ ಹೋಗಿದ್ದ ಟಿ.ಪಿ. ಕೈಲಾಸಂ ಅಲ್ಲಿನ ಜನಪ್ರಿಯ ಹಾಡುಗಳ ಧಾಟಿಗೆ ಕನ್ನಡದ ಮಾತು ಕೂರಿಸಿದರು. ‘ಕೋಳೀಕೆ ರಂಗ’ವನ್ನು ಹಾಡಿಕೊಂಡು ಬೆಳೆದ ಎಷ್ಟೋ ಜನರಿಗೆ ಅದರ ಧಾಟಿ ಹಡಗು ಹತ್ತಿ ಬಂದದ್ದೆಂಬುದು ಗೊತ್ತೇ ಇಲ್ಲ. ಕಂಪನಿಗಳ ಕವಿಗಳೂ ಪಾರ್ಸಿ, ಮರಾಠಿ ನಾಟಕಗಳ ಧಾಟಿಗೆ ಹಾಡು ಬರೆದವರೇ. ಕೇಳಿದ ಧಾಟಿಗೆ ಕೇಳರಿಯದ ಮಾತು ಕೂರಿಸುವ ಈ ಕಸುಬು ನಿಮ್ಮ ಕೈಗೆ ಬಂದರೆ ಅರ್ಧ ಕೆಲಸ ಮುಗಿಯಿತು.

ಆದರೆ ಕಸುಬಿಗಿಂತ ಮೊದಲು ಸಭಾಂಗಣ. ನಾನು ಓದುತ್ತಿದ್ದಾಗ ನಾವೂ ಇಂಥದ್ದೊಂದನ್ನು ಮಾಡಿದ್ದೆವು. ಸಭಾಂಗಣದ ದಪ್ಪ ರಿಜಿಸ್ಟರಿನಲ್ಲಿ ನಮ್ಮ ತಾರೀಖನ್ನು ಪೆನ್ಸಿಲಿನಲ್ಲಿ ಬರೆಸಿ, ನೆಮ್ಮದಿಯಿಂದ ಹಾಡು ಬರೆಯಲು ಕೂತೆವು. ಹದಿನೈದು ದಿನ ಬಾಕಿಯಿರುವಾಗ ಹೋಗಿ ನೋಡಿದರೆ, ರಬ್ಬರಿನಿಂದ ಉಜ್ಜಿದ ಬೂದು ಕಲೆಯ ಮೇಲೆ ನೀಲಿ ಶಾಯಿಯಲ್ಲಿ ದಂತ ತಪಾಸಣಾ ಶಿಬಿರ ಎಂದು ಬರೆದಿತ್ತು. ಆದ್ದರಿಂದ ತಾರೀಖನ್ನು ಸಹಿ ಮತ್ತು ಮೊಹರಿನ ಪತ್ರದಲ್ಲಿ ಪಡೆಯಿರಿ. ಹಿಂದಿನ ದಿನದ ಗ್ರ್ಯಾಂಡ್ ರಿಹರ್ಸಲ್‌ಗೂ ಅದೇ ಸಭಾಂಗಣ ಬೇಕೆಂದು ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಇದನ್ನು ಮರೆಯದವರನ್ನು ನಾನು ಇನ್ನೂ ಕಂಡಿಲ್ಲ.

ತಾರೀಖು ಸಿಕ್ಕ ಮೇಲೆ ಹಿಂದಕ್ಕೆ ಎಣಿಸಿ. ಹನ್ನೆರಡು ವಾರವಿದ್ದರೆ ನಾಲ್ಕು ವಾರ ಬರವಣಿಗೆಗೆ, ಒಂದು ವಾರ ಪಾತ್ರ ಹಂಚುವುದಕ್ಕೆ, ಆರು ವಾರ ತಾಲೀಮಿಗೆ, ಕೊನೆಯ ವಾರ ದೀಪ, ಮೈಕು, ವೇಷಗಳಿಗೆ. ನಡುವೆ ಆಂತರಿಕ ಪರೀಕ್ಷೆಯ ವಾರವೊಂದು ಬಂದೇ ಬರುತ್ತದೆ. ಅದನ್ನು ಲೆಕ್ಕದಿಂದ ಹೊರಗಿಟ್ಟು ಎಣಿಸಿ.

ಇಪ್ಪತ್ತು ಜನರಲ್ಲಿ ಎಲ್ಲರೂ ವೇದಿಕೆಗೆ ಹತ್ತುವುದು ಬೇಡ. ಹಣ, ಅನುಮತಿ, ತಾರೀಖುಗಳನ್ನು ನೋಡಿಕೊಳ್ಳುವ ಒಬ್ಬ ನಿರ್ಮಾಪಕಿ, ಒಬ್ಬ ನಿರ್ದೇಶಕ, ಸಂಗೀತಕ್ಕೊಬ್ಬರು, ಪ್ರದರ್ಶನದ ರಾತ್ರಿ ಸೈಡ್ ವಿಂಗಿನಲ್ಲಿ ನಿಂತು ಯಾರು ಯಾವಾಗ ಒಳಗೆ ಹೋಗಬೇಕೆಂದು ಹೇಳುವ ಒಬ್ಬ ರಂಗನಿರ್ವಾಹಕ, ಇವರು ನಟಿಸದೆ ಇದ್ದರೇ ಒಳ್ಳೆಯದು. ಬರೆಯುವವರು ಐದಾರು ಜನರಿರಲಿ, ಆದರೆ ಅವರಲ್ಲಿ ಒಬ್ಬರಿಗೆ ಮಾತ್ರ ಕತ್ತರಿ ಕೊಡಿ. ಗೆಳೆಯನ ಜೋಕನ್ನು ಗೆಳೆಯನೇ ಕತ್ತರಿಸುವುದು ಸಂಕಟದ ಕೆಲಸ, ಹತ್ತು ಜನ ಕೂತು ಮತ ಹಾಕಿ ಕತ್ತರಿಸಲು ಹೊರಟರೆ ಯಾವುದೂ ಕತ್ತರಿಯಾಗುವುದಿಲ್ಲ, ಮೂರು ಗಂಟೆಯ ನಾಟಕ ಮೂರು ಗಂಟೆಯಾಗಿಯೇ ಉಳಿಯುತ್ತದೆ, ಎರಡನೆಯ ಗಂಟೆಗೆ ಹಾಸ್ಟೆಲ್ಲಿನವರು ಊಟದ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ. ಒಂದೂವರೆ ಗಂಟೆ, ಏಳೆಂಟು ಹಾಡು ಸಾಕು.

ಕಥೆಯ ಎಳೆ ತೆಳ್ಳಗಿದ್ದರೂ ನಡೆಯುತ್ತದೆ, ವಿಷಯ ಮಾತ್ರ ನಿಮ್ಮ ಆವರಣದ್ದೇ ಆಗಿರಲಿ. ದೆಹಲಿ, ಬೆಂಗಳೂರಿನ ರಾಜಕಾರಣದ ಮೇಲಿನ ಜೋಕನ್ನು ಪ್ರೇಕ್ಷಕ ಬೆಳಿಗ್ಗೆಯೇ ಮೊಬೈಲಿನಲ್ಲಿ ಓದಿ ಬಂದಿರುತ್ತಾನೆ. ಹಾಜರಾತಿ ಕೊರತೆಯ ಬಗ್ಗೆ ನೀವು ಬರೆಯುವುದು ಅವನಿಗೆ ಬೇರೆಲ್ಲೂ ಸಿಗದು. ನಮ್ಮ ನಾಟಕದಲ್ಲಿ ಎಪ್ಪತ್ತೈದು ಶೇಕಡಾ ಹಾಜರಾತಿಯ ನಿಯಮದ ಮೇಲೆ ಒಂದು ಹಾಡಿತ್ತು:

ಎಪ್ಪತ್ನಾಲ್ಕೂವರೆ ಹಾಜರಿ ನಂದು, ಅರೆ ಕೊಡಿ ಅಂದೆ ಆಫೀಸಿಗೆ ಬಂದು
ಈ ಮೇಜಿಂದ ಆ ಮೇಜಿಗೆ ನಡೆದೆ, ಮೂರು ದಿನಕ್ಕೆ ಮುದ್ರೆಯ ಪಡೆದೆ
ಮುದ್ರೆ ಬಿದ್ದಾಗ ತಿರುಗಿ ನೋಡಿದೆ, ಕ್ಲಾಸು ತಪ್ಪಿ ಎಪ್ಪತ್ತಕ್ಕಿಳಿದಿದೆ

ಕವಿತೆಯಾಗಿ ಇದಕ್ಕೆ ಬೆಲೆಯಿಲ್ಲ. ಆದರೆ ಮೂರನೆಯ ಸಾಲಿಗೆ ಕಚೇರಿಯ ಗುಮಾಸ್ತರೇ ಎಲ್ಲರಿಗಿಂತ ಜೋರಾಗಿ ನಕ್ಕರು, ಏಕೆಂದರೆ ಆ ಮೇಜುಗಳ ನಡುವಿನ ದೂರ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಹಣದ ವಿಚಾರ ಬೇಗ ಮುಗಿಸುತ್ತೇನೆ. ರಂಗಸಜ್ಜಿಕೆಗೆ ಎರಡು ಬೆಂಚು, ಒಂದು ಕಪ್ಪು ಪರದೆ ಸಾಕು; ವೇಷಭೂಷಣ ಮನೆಗಳಿಂದ ಬರುತ್ತದೆ; ಕೂಡಿಸಿದ ದುಡ್ಡಿನ ಬಹುಪಾಲನ್ನು ಒಳ್ಳೆಯ ಮೈಕುಗಳಿಗೂ ಅವನ್ನು ನಡೆಸಬಲ್ಲ ಮನುಷ್ಯನಿಗೂ ಕೊಡಿ. ಮಾತು ಕೇಳಿಸದ ಹಾಡಿನಲ್ಲಿ ವಿಡಂಬನೆ ಇರುವುದಿಲ್ಲ, ಬರೀ ಗದ್ದಲವಿರುತ್ತದೆ. ಹಾಡುವಾಗ ತಬಲಾ, ಕೀಬೋರ್ಡು ಎರಡೇ ಸಾಕು, ರಿದಂ ಪ್ಯಾಡನ್ನು ಕುಣಿತದ ಭಾಗಕ್ಕೆ ಇಟ್ಟುಕೊಳ್ಳಿ. ತಾಲೀಮಿನಲ್ಲಿ ಒಂದು ದಿನ, ಹಾಡುಗಳನ್ನು ಹಿಂದೆಂದೂ ಕೇಳದ ಯಾರನ್ನಾದರೂ ಕೊನೆಯ ಸಾಲಿನಲ್ಲಿ ಕೂರಿಸಿ, ಕೇಳಿಸಿದ ಮಾತನ್ನೆಲ್ಲ ಬರೆದುಕೊಳ್ಳಲು ಹೇಳಿ. ಅವರು ಬರೆದ ಹಾಳೆಯನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾನು ಅಧ್ಯಾಪಕ, ನಮ್ಮ ವಿಭಾಗದ ಸಾಂಸ್ಕೃತಿಕ ಸಮಿತಿಯ ಸಂಚಾಲಕ. ವಿದ್ಯಾರ್ಥಿಗಳ ವಿಡಂಬನಾ ನಾಟಕದ ಪಠ್ಯವನ್ನು ಮೊದಲೇ ಓದಿ, ಬೇಡವಾದದ್ದನ್ನು ತೆಗೆಸಬೇಕೆಂದು ಮೇಲಿನವರ ಸೂಚನೆ ಬಂದಿದೆ. ನಾನೇ ಸೆನ್ಸಾರ್ ಆಗುವುದು ನನಗೆ ಹಿಡಿಸದು. ಹಾಗೆಂದು ಯಾರಿಗಾದರೂ ನೋವಾದರೆ ಉತ್ತರ ಹೇಳಬೇಕಾದವನೂ ನಾನೇ. ಏನು ಮಾಡಲಿ?
— ಊರು, ಹೆಸರು ಬೇಡ

ಉತ್ತರ: ನಾಟಕಕ್ಕೆ ಹೆದರುವುದು ಆಳುವವರ ಹಳೆಯ ಚಾಳಿ. ಕಲ್ಕತ್ತೆಯಲ್ಲಿ ಒಂದು ಪ್ರಹಸನ ದೊಡ್ಡವರನ್ನು ಗೇಲಿ ಮಾಡಿತೆಂಬ ಕಾರಣಕ್ಕೆ ಬ್ರಿಟಿಷರು 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆಯನ್ನೇ ತಂದರು. ಅಂಥ ಅಧಿಕಾರವನ್ನು ನಿಮ್ಮ ಮೇಜಿನ ಮೇಲೆ ಕೂರಿಸಿಕೊಳ್ಳಬೇಡಿ. ಪಠ್ಯವನ್ನು ಓದಿ, ಆದರೆ ಕೆಂಪು ಪೆನ್ನು ಹಿಡಿಯದೆ ಓದಿ. ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು, ಗಟ್ಟಿಯಾಗಿ, ಒಂದೇ ಸಲ. ಓದುವಾಗ ನಿಮ್ಮ ನಾಲಿಗೆ ಎಲ್ಲಿ ತಡೆಯುತ್ತದೆಂಬುದನ್ನು ಅವರೂ ನೋಡುತ್ತಿರುತ್ತಾರೆ.

ಗೇಲಿ ಹುದ್ದೆಯ ಮೇಲಿರಲಿ, ದೇಹದ ಮೇಲೆ ಬೇಡ ಎಂಬುದು ನನ್ನ ಅಳತೆಗೋಲು. ಪಾಠಕ್ಕೆ ಇಪ್ಪತ್ತು ನಿಮಿಷ ತಡವಾಗಿ ಬರುವ ಪ್ರಾಧ್ಯಾಪಕನನ್ನು ನಕ್ಕು ಸುಸ್ತಾಗುವಷ್ಟು ಗೇಲಿ ಮಾಡಬಹುದು, ಅವರ ಕುಂಟುವ ಕಾಲನ್ನಲ್ಲ. ನಮ್ಮಲ್ಲಿ ಇನ್ನೊಂದು ಕೆಟ್ಟ ಅಭ್ಯಾಸವಿದೆ: ನಗು ಬರದಿದ್ದಾಗ ಒಂದು ಪಾತ್ರಕ್ಕೆ ಕಲಬುರಗಿಯ ಕನ್ನಡವನ್ನೋ ಮಂಗಳೂರಿನ ಕನ್ನಡವನ್ನೋ ಹಚ್ಚಿಬಿಡುತ್ತೇವೆ. ಆ ಕನ್ನಡವನ್ನು ಮನೆಯಲ್ಲಿ ಆಡುವ ಹುಡುಗಿಯೊಬ್ಬಳು ಸಭಾಂಗಣದಲ್ಲಿ ಕೂತಿರುತ್ತಾಳೆ, ನಾಳೆಯಿಂದ ತರಗತಿಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾಳೆ. ಜಾತಿಯ ವಿಷಯವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ನಿಜವಾದ ವ್ಯಕ್ತಿಯ ಮೇಲೆ ಸುಳ್ಳು ಆರೋಪ ಹೊರಿಸುವ ಸಾಲು ಕಂಡರೆ ಮಾತ್ರ ಖಡಾಖಂಡಿತವಾಗಿ ತೆಗೆಸಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿಗೆ ಹಾಡು, ಮಾತು ಎಂಬ ಭೇದವಿಲ್ಲ.

ಇಷ್ಟೆಲ್ಲ ಮಾಡಿದರೂ ನೋವಾಗುವುದು ಎಣಿಸದ ಕಡೆಯಿಂದ. ಮೇಲೆ ಹೇಳಿದ ನಮ್ಮ ನಾಟಕದಲ್ಲೇ ಮರುಮೌಲ್ಯಮಾಪನದ ಶುಲ್ಕದ ಮೇಲೊಂದು ಹಾಡಿತ್ತು. ಹಳೆಯ ಜನಪದ ಧಾಟಿಯೊಂದನ್ನು ಆರಿಸಿಕೊಂಡಿದ್ದೆವು, ಅದರ ಪಲ್ಲವಿ ಎಳೆದು ಹಾಡುವಂಥದ್ದು. ಕಾಗದದ ಮೇಲೆ ‘ಮರು ಮೌಲ್ಯಮಾಪನ’ ಎಂದಿತ್ತು. ಎಳೆದು ಹಾಡಿದಾಗ ಹ್ರಸ್ವ ದೀರ್ಘವಾಗಿ ‘ಮಾರು ಮೌಲ್ಯಮಾಪನ’ ಎಂದು ಕೇಳಿಸಿತು. ಹಿಮ್ಮೇಳದ ಹತ್ತು ಜನ ಅದನ್ನೇ ನಾಲ್ಕು ಸಲ ಹಾಡಿದರು. ಮೊದಲ ಸಾಲಿನಲ್ಲಿ ಕೂತಿದ್ದ ಮೌಲ್ಯಮಾಪನ ಕುಲಸಚಿವರು ಅಲ್ಲಿಯವರೆಗೆ ನಗುತ್ತಿದ್ದವರು, ಎರಡೂ ಕೈಗಳನ್ನು ಕುರ್ಚಿಯ ತೋಳಿನ ಮೇಲಿಟ್ಟು ನೆಟ್ಟಗಾದರು. ಹಿಂದಿನ ಸಾಲುಗಳಲ್ಲಿ ಶಿಳ್ಳೆ ಬಿತ್ತು. ನಾವು ಬರೆಯದ ಜೋಕಿಗೆ ನಮಗೆ ಆ ರಾತ್ರಿಯ ಅತಿ ದೊಡ್ಡ ಚಪ್ಪಾಳೆ ಸಿಕ್ಕಿತು. ಮರುದಿನ ಹಾಡಿನ ಹಾಳೆಯನ್ನು ಹಿಡಿದುಕೊಂಡು ಅವರ ಕೋಣೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿ, “ಛಂದಸ್ಸು ಕಲಿಸಿದವರು ಯಾರು?” ಎಂದಷ್ಟೇ ಕೇಳಿದರು. ಕ್ಷಮಿಸಿದರೋ ಇಲ್ಲವೋ ಇಂದಿಗೂ ತಿಳಿಯದು.

ಆದ್ದರಿಂದ ನಿಮ್ಮ ಓದು ಕಾಗದಕ್ಕೆ ಮುಗಿಯಬಾರದು, ತಾಲೀಮಿನಲ್ಲಿ ಹಾಡನ್ನು ಕೇಳಿ. ನೇರವಾಗಿ ಗೇಲಿಗೊಳಗಾಗುವ ಸಹೋದ್ಯೋಗಿಗಳಿಗೆ ವಿದ್ಯಾರ್ಥಿಗಳ ಮೂಲಕವೇ ಒಂದು ಮಾತು ಮುಂಚಿತವಾಗಿ ಹೇಳಿಸಿ, ಸಾಧ್ಯವಾದರೆ ಅವರಿಗೂ ಕೊನೆಯ ಹಾಡಿನಲ್ಲಿ ಒಂದು ನಿಮಿಷದ ಪಾತ್ರ ಕೊಡಿಸಿ. ಮೇಲಿನವರ ಸೂಚನೆಗೆ, ಪಠ್ಯ ಓದಿದ್ದೇನೆ, ತಾಲೀಮು ನೋಡಿದ್ದೇನೆ, ಹೊಣೆ ನನ್ನದು ಎಂದು ಮೂರು ಸಾಲಿನ ಟಿಪ್ಪಣಿ ಬರೆದು ಕಳಿಸಿ. ಕಡತಕ್ಕೆ ಅಷ್ಟು ಸಾಕು.

ಪ್ರಶ್ನೆ: ಜನಪ್ರಿಯ ಸಿನಿಮಾ ಹಾಡುಗಳ ಧಾಟಿಗೆ ನಮ್ಮ ಅಣಕವಾಡುಗಳನ್ನು ಕೂರಿಸಿದ್ದೇವೆ. ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆಯೇ? ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬೇಕೆಂದೂ ಇದೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆಯ ಎರಡು ವಾಕ್ಯಗಳಿಗೆ ಎರಡು ಬೇರೆ ಉತ್ತರಗಳಿವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿನ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಕೃತಿಯೊಂದನ್ನು ಪ್ರದರ್ಶಿಸಿದರೆ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಸೀಮಿತವಾಗಿರುವಾಗ, ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆ ಬೇಲಿಯೊಳಗೆ ನಿಮಗೆ ಸಾಕಷ್ಟು ನೆಮ್ಮದಿಯಿದೆ. ಊರವರಿಗೆಲ್ಲ ಟಿಕೆಟ್ ಮಾರಿದ ದಿನ, ಅಥವಾ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದ ಕ್ಷಣ, ನೀವು ಬೇಲಿಯಿಂದ ಹೊರಗೆ ಬಂದಿರಿ.

ಅಣಕವೆಂಬ ಕಾರಣಕ್ಕೇ ರಕ್ಷಣೆಯಿಲ್ಲವೇ ಎಂದು ನೀವು ಕೇಳಬಹುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1994ರ ತೀರ್ಪೊಂದರಲ್ಲಿ, ಹಣ ಗಳಿಸುವ ಅಣಕವಾಡೂ ನ್ಯಾಯಯುತ ಬಳಕೆಯಾಗಬಹುದು ಎಂದಿತು. ನಮ್ಮ ಕಾಯ್ದೆಯಲ್ಲಿ ಅಣಕವೆಂಬ ಪದವೇ ಇಲ್ಲ, ವಿಮರ್ಶೆಗಾಗಿ ನ್ಯಾಯಯುತ ಬಳಕೆ ಎಂಬ ಮಾತಿದೆ. ಅದರ ಬಲದಿಂದಲೇ ಕೇರಳ ಹೈಕೋರ್ಟು 1996ರಲ್ಲಿ, ತೋಪ್ಪಿಲ್ ಭಾಸಿಯವರ ಪ್ರಸಿದ್ಧ ನಾಟಕಕ್ಕೆ ಸಿವಿಕ್ ಚಂದ್ರನ್ ಬರೆದ ಪ್ರತಿನಾಟಕದ ಪರವಾಗಿ ನಿಂತಿತು: ಎಷ್ಟು ತೆಗೆದುಕೊಂಡಿದ್ದಾರೆ, ಯಾವ ಉದ್ದೇಶಕ್ಕೆ, ಮೂಲಕ್ಕೆ ಪೈಪೋಟಿಯಾಗುತ್ತದೆಯೇ ಎಂಬುದನ್ನು ನೋಡಿತು. ಆದರೆ ಆ ಪ್ರತಿನಾಟಕ ಮೂಲ ನಾಟಕವನ್ನೇ ಪ್ರಶ್ನಿಸುತ್ತಿತ್ತು. ನೀವು ಪ್ರೇಮಗೀತೆಯ ಧಾಟಿಯನ್ನು ತೆಗೆದುಕೊಂಡು ಕ್ಯಾಂಟೀನಿನ ಸಾಂಬಾರನ್ನು ಬೈಯುತ್ತಿದ್ದರೆ, ಆ ಪ್ರೇಮಗೀತೆಯನ್ನು ವಿಮರ್ಶಿಸುತ್ತಿದ್ದೇವೆಂದು ವಾದಿಸುವುದು ಕಷ್ಟ.

ಯೂಟ್ಯೂಬಿನ ಆಸೆ ಬಲವಾಗಿದ್ದರೆ ಜನಪದ ಧಾಟಿಗಳನ್ನು, ದಾಸರ ಪದಗಳ ರೂಢಿಯ ಮಟ್ಟುಗಳನ್ನು, ಸಂಗೀತಗಾರ ತೀರಿಕೊಂಡು 60 ವರ್ಷ ದಾಟಿದ ರಚನೆಗಳನ್ನು ಆರಿಸಿಕೊಳ್ಳಿ. ವಾದ್ಯಗಳನ್ನು ನೀವೇ ನುಡಿಸಿ, ಬೇರೆಯವರ ಕರೋಕೆ ಟ್ರ್ಯಾಕ್ ಬೇಡ, ಏಕೆಂದರೆ ಧ್ವನಿಮುದ್ರಣದ ಹಕ್ಕು ಬೇರೆಯೇ. ಇನ್ನೂ ಒಳ್ಳೆಯದು, ನಿಮ್ಮ ವಿಭಾಗದಲ್ಲಿ ಸ್ವಂತ ಧಾಟಿ ಕಟ್ಟಬಲ್ಲ ಹುಡುಗನೊಬ್ಬ ಗಿಟಾರ್ ಹಿಡಿದು ಎಲ್ಲೋ ಮೂಲೆಯಲ್ಲಿ ಕೂತಿರುತ್ತಾನೆ, ಅವನನ್ನು ಹುಡುಕಿ.

ಪ್ರಶ್ನೆ: ಮಗಳ ಕಾಲೇಜಿನ ವಿಡಂಬನಾ ನಾಟಕಕ್ಕೆ ಹೋಗಿದ್ದೆವು. ಮಕ್ಕಳೆಲ್ಲ ಬಿದ್ದು ಬಿದ್ದು ನಗುತ್ತಿದ್ದರು, ನಮಗೆ ಒಂದೂ ತಿಳಿಯಲಿಲ್ಲ. ಇದು ನಾಟಕದ ದೋಷವಲ್ಲವೇ?
— ಪೋಷಕರು, ತುಮಕೂರು

ಉತ್ತರ: ಅರ್ಧ ದೋಷ. ಒಳಗಿನವರಿಗೆ ಮಾತ್ರ ತಿಳಿಯುವ ಮಾತೇ ಈ ನಾಟಕದ ಜೀವಾಳ, ಅದನ್ನು ಬಿಟ್ಟುಕೊಡಲಾಗದು. ಆದರೆ ಯಕ್ಷಗಾನದ ಹಾಸ್ಯಗಾರ ರಾಜನ ಗಂಭೀರ ಮಾತನ್ನು ಊರವರ ಭಾಷೆಯಲ್ಲಿ ಇನ್ನೊಮ್ಮೆ ಹೇಳುವ ಹಾಗೆ, ಹಾಡಿಗೆ ಮೊದಲು ಒಬ್ಬ ಬಂದು “ನಮ್ಮಲ್ಲಿ ಲಿಫ್ಟ್ ಇದೆ, ಅಧ್ಯಾಪಕರಿಗೆ ಮಾತ್ರ, ಅದೂ ನಿಂತಿದೆ” ಎಂದು ಒಂದು ಸಾಲು ಹೇಳಿಹೋದರೆ ನಿಮಗೂ ಬಾಗಿಲು ತೆರೆಯುತ್ತಿತ್ತು. ಮಗಳಿಗೆ ಇದನ್ನು ತಿಳಿಸಿ. ಮುಂದಿನ ವರ್ಷ ಆ ಒಂದು ಸಾಲಿನ ಪಾತ್ರಕ್ಕೆ ಜನ ಬೇಕಾಗುತ್ತದೆ, ಪೋಷಕರೇ ಹಾಕಿದರೂ ಆಯಿತು.