ಕನ್ನಡ ಅಕ್ಷರಕ್ಕೆ 16×2 ಎಲ್‌ಸಿಡಿ ಬೇಡ

ರಾಸ್ಪ್‌ಬೆರಿ ಪೈ ಝೀರೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ವಾರ, ಸಮಯ ಕನ್ನಡದಲ್ಲೇ ತೋರಿಸೋ ಗಡಿಯಾರಕ್ಕೆ ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸೋ 16×2 ಎಲ್‌ಸಿಡಿ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಅದರಲ್ಲಿ ನಾವೇ ರೂಪಿಸಿಕೊಳ್ಳಬಹುದಾದ ಅಕ್ಷರ ಒಂದು ಸಲಕ್ಕೆ ಎಂಟೇ, ಒಂದೊಂದಕ್ಕೂ 5×8 ಚುಕ್ಕಿ. ‘ಸೋಮವಾರ’ ಹೇಗೋ ತುರುಕಬಹುದು. ‘ಶುಕ್ರವಾರ’ ಬಂದರೆ ಒತ್ತಿಗೆ ಜಾಗ ಎಲ್ಲಿದೆ?

ಸುಮ್ನೆ 0.96 ಇಂಚಿನ, ನಾಲ್ಕು ಪಿನ್ನಿನ ಓಎಲ್ಇಡಿ ಪರದೆ ತಗೊಳ್ಳಿ. 128×64 ಚುಕ್ಕಿ, ನಾಲ್ಕೇ ವೈರು. ಪೈಥಾನ್‌ನ ಪಿಲ್ಲೋ ಅನ್ನೋ ಚಿತ್ರದ ಲೈಬ್ರರಿಯಲ್ಲಿ ಪದವನ್ನು ಚಿತ್ರ ಮಾಡಿ ಕಳಿಸಿ. ಜೊತೆಗೆ ಅಕ್ಷರ ಜೋಡಿಸುವ ರಾಕ್ಮ್ (Raqm) ಲೈಬ್ರರಿ ಇರಲಿ, ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ.

ವೈರ್ ಹಾಕುವ ಮುಂಚೆ ಓಎಲ್ಇಡಿ ಬೋರ್ಡಿನ ಮೇಲೆ ಬರೆದಿರುವುದನ್ನು ಓದಿ. ಕೆಲವದರಲ್ಲಿ ಜಿಎನ್‌ಡಿ (ಗ್ರೌಂಡ್) ಮೊದಲು, ಕೆಲವದರಲ್ಲಿ ವಿಸಿಸಿ (ವಿದ್ಯುತ್ ಕೊಡುವ ಪಿನ್). ಅವಸರದಲ್ಲಿ ಅದಲುಬದಲು ಮಾಡಿ ನಾನೇ ಒಂದನ್ನು ಸುಟ್ಟಿದ್ದೇನೆ! ದಿನವಿಡೀ ಅಂಕಿ ಒಂದೇ ಜಾಗದಲ್ಲಿದ್ದರೆ ಕ್ರಮೇಣ ಗುರುತು ಉಳಿಯುತ್ತದೆ, ಆಗಾಗ ಒಂದೆರಡು ಚುಕ್ಕಿ ಪಕ್ಕಕ್ಕೆ ಸರಿಸುತ್ತಿರಿ.